ವಾಕಿಂಗ್ ಗುಂಪಿನಲ್ಲಿ ಹಿಂದೆ ಬಿದ್ದವರು

ದಾವಣಗೆರೆಯ ಕುಂದುವಾಡ ಕೆರೆ ಸುತ್ತ ಬೆಳಿಗ್ಗೆ ನಡೆಯುವವರಲ್ಲಿ ಎರಡು ಥರ. ಕೈ ಬೀಸಿಕೊಂಡು ಬಿರಬಿರನೆ ಹೋಗುವವರು, ಹಿಂದೆ ಬೀಳುವವರು. ನಮ್ಮ ಗುಂಪಿನಲ್ಲಿ ಹೆಚ್ಚಿನವರಿಗೆ ಅರವತ್ತು ದಾಟಿದೆ, ಆದರೂ ಎಲ್ಲರೂ ಮುಂದೆಯೇ ಇರುತ್ತಾರೆ. ಹಿಂದೆ ಬೀಳುವವರು ಇಬ್ಬರೇ. ಮೊಣಕಾಲು ನೋವಿನ ಒಬ್ಬ ಅಜ್ಜ, ನಿದ್ದೆಗಣ್ಣಿನ ನಾನು. ನನಗೆ ಇಪ್ಪತ್ತಾರು. ಅವರಿಗೆ ಎಪ್ಪತ್ತೈದರ ಆಸುಪಾಸು ಇರಬಹುದು, ಕೇಳಿದಾಗಲೆಲ್ಲ ಬೇರೆ ಬೇರೆ ಲೆಕ್ಕ ಹೇಳುತ್ತಾರೆ. ಸ್ನೇಹ ಆಗಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಏನಿಲ್ಲ, ಇಬ್ಬರಿಗೂ ಜೊತೆಗೆ ಬೇರೆ ಯಾರೂ ಇರಲಿಲ್ಲ ಅಷ್ಟೇ.

ಗುಂಪಿನವರು ಅವರನ್ನು ಜಾಬರ್ ಅಂತ ಕರೀತಾರೆ. ಹತ್ತಿ ಮಿಲ್ಲಿನಲ್ಲಿ ಒಂದು ಸಾಲಿನ ಮಷೀನು, ಅಲ್ಲಿನ ಕೆಲಸಗಾರರು, ಎರಡನ್ನೂ ನೋಡಿಕೊಳ್ಳುವ ಮೇಸ್ತ್ರಿಗೆ ಇದ್ದ ಹೆಸರು ಅದು. ನಾನು 'ಜಾಬರ್ ಅಜ್ಜ' ಅಂತೀನಿ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರಲ್ಲ, ಆ ಕಾಲದವರು. ಕಮ್ಯುನಿಸ್ಟ್ ಪಕ್ಷದ ಪಂಪಾಪತಿ ಈ ಊರಿಂದ ಶಾಸಕರಾಗಿದ್ದ ಕಾಲ. ನನ್ನ ವಯಸ್ಸಿನವರಿಗೆ ಮಿಲ್ಲು ಅಂದರೆ ಬಸ್ಸಿನಿಂದ ಕಾಣುವ ಹಳೇ ಗೋಡೆ, ಇಲ್ಲವೇ ಯಾವುದೋ ಬಡಾವಣೆಯ ಹೆಸರು. ಅದರಲ್ಲೂ ನಾನು ಇದೇ ಊರಲ್ಲಿ ಟೆಕ್ಸ್‌ಟೈಲ್ ಇಂಜಿನಿಯರಿಂಗ್ ಓದಿದವಳು! ಈಗ ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಂಪನಿಗೆ ಮನೆಯಿಂದಲೇ ಬಟ್ಟೆಯ ರೇಟು ಲೆಕ್ಕ ಹಾಕುತ್ತೀನಿ. ಕೂತು ಕೂತು ಬೆನ್ನು ನೋವು ಬಂದಿದ್ದಕ್ಕೇ ಈ ವಾಕಿಂಗು.

ಇದು ಗೊತ್ತಾದ ದಿನ ಅಜ್ಜ ನನ್ನ ವೇಲ್ ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿ "40ನೇ ನಂಬರು" ಅಂದರು. 840 ಗಜದ ಲಡಿ 40 ಸೇರಿದರೆ ಒಂದು ಪೌಂಡ್ ತೂಗುವ ನೂಲು. ಪರೀಕ್ಷೆಯಲ್ಲಿ ಈ ಲೆಕ್ಕಕ್ಕೆ ನಾನು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ, ಆದರೆ ಬೆರಳಲ್ಲಿ ಹೇಳೋಕೆ ಇವತ್ತಿಗೂ ಬರಲ್ಲ.

ಅವರ ಬಲಗಿವಿ ಹೋಗಿದೆ. ಎಡಗಿವಿಯೂ ಅಷ್ಟಕ್ಕಷ್ಟೆ. ನೂಲು ಸುತ್ತುವ ನೂರಾರು ಕದಿರು ನಿಮಿಷಕ್ಕೆ ಹತ್ತು ಸಾವಿರ ಸುತ್ತು ಹಾಕುವ ಹಾಲ್‌ನಲ್ಲಿ ಜೀವನ ಕಳೆದರೆ ಇನ್ನೇನಾಗುತ್ತೆ? ಅಲ್ಲಿ ಮಾತಾಡಿದರೆ ಪಕ್ಕದವನಿಗೂ ಕೇಳುತ್ತಿರಲಿಲ್ಲವಂತೆ. ಅದಕ್ಕೇ ತುಟಿ ನೋಡಿ ಅರ್ಥ ಮಾಡಿಕೊಳ್ಳೋದು, ಕೈಸನ್ನೆ. ಎಳೆ ಹರಿಯಿತು, ಸೂಪರ್‌ವೈಸರ್ ಬಂದ, ಚಹಾಕ್ಕೆ ಹೋಗೋಣ, ಎಲ್ಲಕ್ಕೂ ಒಂದೊಂದು ಸನ್ನೆ. ಸೂಪರ್‌ವೈಸರ್ ಬಂದ ಅನ್ನೋದಕ್ಕೆ ಮೀಸೆ ತಿರುವಬೇಕು. ಈಗ ನಾನೂ ಕಲಿತಿದ್ದೀನಿ. ಗುಂಪಿನಲ್ಲಿ ಶುಗರ್‌ಗೆ ಹಾಗಲಕಾಯಿ ಜ್ಯೂಸ್ ಕುಡಿಯಿರಿ ಅಂತ ಎಲ್ಲರಿಗೂ ಭಾಷಣ ಮಾಡುವ ಒಬ್ಬರಿದ್ದಾರೆ, ಅವರು ಹತ್ತಿರ ಬರುತ್ತಿದ್ದ ಹಾಗೆ ಅಜ್ಜ ಮೀಸೆ ತಿರುವುತ್ತಾರೆ, ನಾನು ನಗು ತಡೆಯೋಕಾಗದೆ ಕೆರೆ ಕಡೆ ತಿರುಗಿ ನಿಂತುಕೊಳ್ತೀನಿ.

ನಾನು ಯಾವಾಗಲೂ ಅವರ ಎಡಕ್ಕೇ ನಡೆಯಬೇಕು. ಮುಖ್ಯವಾದ ಮಾತಿದ್ದರೆ ನಿಂತು, ಮುಖ ಕಾಣುವ ಹಾಗೆ ಹೇಳಬೇಕು. ಹಾಗಾಗಿ ನಮ್ಮ ನಡಿಗೆ ಇನ್ನೂ ನಿಧಾನ. ಒಂದು ಸುತ್ತು ಮುಗಿಯುವಷ್ಟರಲ್ಲಿ ಉಳಿದವರು ಗಾಜಿನ ಮನೆ ಹತ್ತಿರ ಹೋಗಿ ಬಂದಿರುತ್ತಾರೆ.

ಇಷ್ಟು ವಯಸ್ಸಾದವರ ಹತ್ತಿರ ದಿನಾ ಏನು ಮಾತಾಡ್ತೀಯ ಅಂತ ಫ್ರೆಂಡ್ಸ್ ಕೇಳ್ತಾರೆ. ಅನುಭವದ ಮಾತು, ಬದುಕಿನ ಪಾಠ ಅಂತೆಲ್ಲ ಅಂದುಕೊಂಡಿರುತ್ತಾರೆ. ಅಂಥದ್ದು ಏನೂ ಇಲ್ಲ. ಊರಲ್ಲಿ ನನಗೆ ಮದುವೆ ಯಾವಾಗ ಅಂತ ಕೇಳದ ಒಬ್ಬರೇ ಹಿರಿಯರು ಇವರು. ನಾವು ಮಾತಾಡೋದು ಕೆಲಸದ ಬಗ್ಗೆ. ಮಿಲ್ ಒಳಗೆ ಹವೆ ಒಣಗಿದರೆ ಎಳೆ ಪಟಪಟ ಹರಿಯುತ್ತೆ, ಅದಕ್ಕೆ ನೀರಿನ ಹನಿ ಸಿಡಿಸಿ ಯಾವಾಗಲೂ ತೇವ ಇಡುತ್ತಿದ್ದರು, ಬೇಸಿಗೆಯಲ್ಲಿ ಆ ಸೆಕೆಯಲ್ಲಿ ಅಂಗಿ ಮೈಗೆ ಅಂಟಿಕೊಂಡು ಅದರ ಮೇಲೆ ಹತ್ತಿಯ ಧೂಳು ಕೂರುತ್ತಿತ್ತು, ಮನೆಗೆ ಬಂದರೆ ಹುಬ್ಬೆಲ್ಲ ಬೆಳ್ಳಗೆ. ನಮ್ಮ ಪುಸ್ತಕದಲ್ಲಿ ಇದಕ್ಕೆ 'ತೇವಾಂಶ ನಿಯಂತ್ರಣ' ಅಂತ ಅರ್ಧ ಪುಟ ಇತ್ತು.

ನನ್ನ ಕೆಲಸದ ಗೋಳೂ ಅವರಿಗೆ ಗೊತ್ತು. ಒಮ್ಮೆ ಒಬ್ಬ ಸಪ್ಲೈಯರ್ ನೂಲಿನ ರೇಟು ವಿಪರೀತ ಹಾಕಿದ್ದ. ಅಜ್ಜ ಕೇಳಿದ್ದು ಒಂದೇ. "ಬಾಚಿ ತೆಗದದ್ದು ಎಷ್ಟು ತೋರ್ಸ್ಯಾನವಾ?" ಉತ್ತಮ ನೂಲಿಗೆ ಹತ್ತಿಯನ್ನು ಬಾಚುವಾಗ ಗಿಡ್ಡ ಎಳೆಗಳು ಉದುರಿ ಹೋಗುತ್ತವೆ, ಆ ನಷ್ಟವೂ ರೇಟಿನಲ್ಲಿ ಸೇರುತ್ತೆ. ತೆಗೆದು ನೋಡಿದರೆ ಆಸಾಮಿ ಜಾಸ್ತಿ ತೋರಿಸಿದ್ದ. ಕೇಳಿದ ಮೇಲೆ ಸ್ವಲ್ಪ ಇಳಿಸಿದ. ಅಜ್ಜನಿಗೆ ನಾನು ಬೆಣ್ಣೆ ದೋಸೆ ಕೊಡಿಸಿದೆ. ಡಾಕ್ಟರು ಬೆಣ್ಣೆ ಬೇಡ ಅಂದಿದ್ದಾರಂತೆ, ನನಗೆ ಅದು ಗೊತ್ತಾಗಿದ್ದು ದೋಸೆ ಮುಗಿದ ಮೇಲೆ, ಅದೂ ಅವರೇ ನಗುತ್ತಾ ಹೇಳಿದ್ದಕ್ಕೆ.

ಅಮ್ಮನಿಗೆ ಮೊದಲು ಇದು ಸರಿ ಅನಿಸಲಿಲ್ಲ. ಒಂದು ದಿನ ಸುಮ್ನೆ ವಾಕಿಂಗ್ ಬಂದವಳ ಹಾಗೆ ಬಂದು ಅಜ್ಜನ ಊರು, ಮನೆತನ ಎಲ್ಲ ವಿಚಾರಿಸಿದಳು. ನಮ್ಮ ಕಡೆ ಹತ್ತು ನಿಮಿಷ ಮಾತಾಡಿದರೆ ಎಲ್ಲೋ ಒಂದು ಸಂಬಂಧ ಹೊರಡಲೇಬೇಕಲ್ವಾ, ಹರಿಹರದಲ್ಲಿ ಹೊರಟಿತು. ಈಗ ಅಜ್ಜನಿಗೆ ಚಟ್ನಿಪುಡಿ ಕಳಿಸುವವಳು ಅವಳೇ.

ಅವರು ಮಿಲ್ ಬಿಟ್ಟ ಮೇಲೆ ಓಡುವ ಮಷೀನು ನೋಡಿಯೇ ಇಲ್ಲವಂತೆ. ನಾನು ಓದಿದ ಕಾಲೇಜಿನ ಲ್ಯಾಬ್‌ನಲ್ಲಿ ನೂಲು ತೆಗೆಯುವ ಒಂದು ಪುಟ್ಟ ಮಷೀನು, ರಿಂಗ್ ಫ್ರೇಮ್, ಇದೆ. ಕರಕೊಂಡು ಬರಬಹುದಾ ಅಂತ ಅಲ್ಲಿ ಕೇಳಿದ್ದೀನಿ, ಸರಿ ಅಂದಿದ್ದಾರೆ. ಅಜ್ಜ ಮಾತ್ರ ಇನ್ನೂ ಒಪ್ಪಿಲ್ಲ. "ಮುಟ್ಟಾಕ ಬಿಡ್ತಾರೇನು ಕೇಳು. ಸುಮ್ನೆ ನಿಂತು ನೋಡಾದಾದ್ರೆ ನಾ ಬರಾದಿಲ್ಲ" ಅಂತಿದ್ದಾರೆ. ಲ್ಯಾಬಿನವರಿಗೆ ಮತ್ತೆ ಫೋನ್ ಮಾಡಬೇಕು.