ವಿಲ್ಯಾನ್ 10ರಿಂದ 20ಕ್ಕೆ ಪಿಂಗ್ ಹೋಗದಿದ್ದರೆ

ವಿಲ್ಯಾನ್ ಎಂದರೆ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲ. ಇಲ್ಲಿ 10 ಮತ್ತು 20ರ ನಡುವೆ ಸ್ವಿಚ್ಚೇ ರೂಟಿಂಗ್ ಮಾಡುತ್ತದೆ, ಅಂದರೆ ದತ್ತಾಂಶವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಮೊದಲು ವಿಲ್ಯಾನ್ 10ರ ಕಂಪ್ಯೂಟರಿನಿಂದ ಅದರದೇ ಗೇಟ್‌ವೇಗೆ (ಜಾಲದಿಂದ ಹೊರಹೋಗುವ ವಿಳಾಸ), ಇಲ್ಲಿ 192.168.10.1ಕ್ಕೆ, ಪಿಂಗ್ ಮಾಡಿ. ಉತ್ತರ ಬರದಿದ್ದರೆ ತೊಂದರೆ ರೂಟಿಂಗಿನದಲ್ಲ. ಪೋರ್ಟ್, ಟ್ರಂಕ್ (ಹಲವು ವಿಲ್ಯಾನ್‌ಗಳನ್ನು ಹೊರುವ ಕೊಂಡಿ), ಇಲ್ಲವೇ ಎಸ್‌ವಿಐ (ಸ್ವಿಚ್ಚಿನಲ್ಲಿ ವಿಲ್ಯಾನ್‌ಗೆ ಐಪಿ ವಿಳಾಸ ಕೊಡುವ ಇಂಟರ್‌ಫೇಸ್) ನೋಡಬೇಕು.

ಸಿಸ್ಕೋ ಕ್ಯಾಟಲಿಸ್ಟ್ ಸ್ವಿಚ್ಚಿನಲ್ಲಿ 'ಶೋ ಐಪಿ ಇಂಟರ್‌ಫೇಸ್ ಬ್ರೀಫ್' ಕೊಟ್ಟಾಗ ವಿಲ್ಯಾನ್ 20ರ ಎದುರು 'ಅಪ್, ಡೌನ್' ಎಂದಿದ್ದರೆ, 'ನೋ ಶಟ್‌ಡೌನ್' ಎಷ್ಟು ಸಲ ಕೊಟ್ಟರೂ ಅದು ಏಳುವುದಿಲ್ಲ. ವಿಲ್ಯಾನ್ ಡೇಟಾಬೇಸಿನಲ್ಲಿ ಇರಬೇಕು. ಅದಕ್ಕೆ ಸೇರಿದ ಒಂದಾದರೂ ಪೋರ್ಟ್, ಅಥವಾ ಅದನ್ನು ಹೊತ್ತ ಟ್ರಂಕ್, ಚಾಲೂ ಇದ್ದು ಸ್ಪ್ಯಾನಿಂಗ್ ಟ್ರೀಯಲ್ಲಿ (ಜಾಲದಲ್ಲಿ ಸುತ್ತುಗಳಾಗದಂತೆ ತಡೆಯುವ ವ್ಯವಸ್ಥೆ) ಫಾರ್ವರ್ಡಿಂಗ್ ಸ್ಥಿತಿಗೆ ಬಂದಿರಬೇಕು. 'ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್' ಬರೆಯುವಾಗ 'ಆ್ಯಡ್' ಬಿಟ್ಟರೆ ಹಳೆಯ ಪಟ್ಟಿಯೇ ಅಳಿಸಿಹೋಗುತ್ತದೆ. ದಯವಿಟ್ಟು ಎಂಟರ್ ಒತ್ತುವ ಮುನ್ನ ಇನ್ನೊಮ್ಮೆ ಓದಿ.

ಗೇಟ್‌ವೇ ಉತ್ತರಿಸಿಯೂ ವಿಲ್ಯಾನ್ 20ರ ಗೇಟ್‌ವೇ 192.168.20.1 ಸಿಗದಿದ್ದರೆ 'ಐಪಿ ರೂಟಿಂಗ್' ಹಾಕಿದೆಯೇ ನೋಡಿ. 3560, 3750ರಂಥ ಮಾದರಿಗಳಲ್ಲಿ ಅದು ತಾನಾಗಿ ಆನ್ ಇರುವುದಿಲ್ಲ. ಆನ್ ಮಾಡಿದ ಮೇಲೆ 'ಐಪಿ ಡಿಫಾಲ್ಟ್ ಗೇಟ್‌ವೇ' ಲೆಕ್ಕಕ್ಕಿಲ್ಲ. ಇಂಟರ್ನೆಟ್ಟಿಗೆ 'ಐಪಿ ರೂಟ್ 0.0.0.0 0.0.0.0' ಜೊತೆ ರೂಟರಿನ ವಿಳಾಸ ಕೊಡಬೇಕು. ರೂಟರಿನಲ್ಲೂ ಎರಡೂ ಸಬ್‌ನೆಟ್‌ಗಳಿಗೆ (ಎರಡೂ ವಿಲ್ಯಾನ್‌ಗಳ ವಿಳಾಸ ವಲಯಗಳಿಗೆ) ಮರಳುದಾರಿ ಇರಲೇಬೇಕು.

20.1 ಸಿಕ್ಕಿತು, ಆಚೆಯ ಕಂಪ್ಯೂಟರ್ ಮಾತ್ರ ಸಿಗುತ್ತಿಲ್ಲವೇ? ಸ್ವಿಚ್ಚನ್ನು ಮುಟ್ಟುವ ಮುನ್ನ ಆ ಕಂಪ್ಯೂಟರನ್ನು ನೋಡಿ. ಅದರ ಗೇಟ್‌ವೇ ತಪ್ಪಿರಬಹುದು, ಇಲ್ಲವೇ ವಿಂಡೋಸ್ ಫೈರ್‌ವಾಲ್ ಬೇರೆ ಸಬ್‌ನೆಟ್ಟಿನ ಪಿಂಗ್ ತಡೆಯುತ್ತಿರಬಹುದು.