ಕಂಪನಿ ಕಾಲಿಟ್ಟ ಮೇಲೂ ಅದು ಓಪನ್ ಸೋರ್ಸೇನಾ?

ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಕೋಡ್ ನೋಡಿ, ಬಳಸಿ, ತಿದ್ದಿ ಹಂಚಬಹುದಾದ ಸಾಫ್ಟ್‌ವೇರ್, ಇದರ ಬಗ್ಗೆ ಮಾತಾಡಲು ಯಾವ ಕಾಲೇಜಿಗೆ ಹೋದರೂ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತದೆ. "ಸರ್, ದೊಡ್ಡ ಕಂಪನಿ ದುಡ್ಡು ಹಾಕಿದ ಮೇಲೆ ಅದು ಎಲ್ಲರದ್ದಾಗಿ ಉಳಿಯುತ್ತಾ?"

ಉಳಿಯುತ್ತೆ. ದುಡ್ಡು ಬಂತು ಅನ್ನೋ ಒಂದೇ ಕಾರಣಕ್ಕೆ ಕೆಟ್ಟ ಪ್ರಾಜೆಕ್ಟನ್ನು ನಾನಂತೂ ನೋಡಿಲ್ಲ. ದುಡ್ಡಿನ ಜೊತೆ ಬೀಗದ ಕೈಯೂ ಒಬ್ಬರದೇ ಸೊಂಟ ಸೇರಿದಾಗ ಏನಾಗುತ್ತದೆ ಎಂಬುದನ್ನು ನೋಡಿದ್ದೇನೆ.

ರೆಡಿಸ್ ಕಥೆ ತಗೊಳ್ಳಿ. ವೆಬ್‌ಸೈಟುಗಳು ಚುರುಕಾಗಿ ಓಡಲೆಂದು ಮಾಹಿತಿಯನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವ ಡೇಟಾಬೇಸ್ ಅದು. ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ತಮ್ಮ ಸ್ಟಾರ್ಟಪ್ಪಿನ ಅಗತ್ಯಕ್ಕೆ ಬರೆದು ಬಿಎಸ್‌ಡಿ ಲೈಸೆನ್ಸಿನಲ್ಲಿ ಹೊರಗೆ ಬಿಟ್ಟರು. ಬಳಸಿ, ತಿದ್ದಿ, ಮಾರಿ, ಬರೆದವರ ಹೆಸರೊಂದು ಇರಲಿ ಎನ್ನುವ ಧಾರಾಳದ ಲೈಸೆನ್ಸ್ ಅದು. ಮುಂದೆ ಇದರ ಸುತ್ತ ಬೆಳೆದ ಕಂಪನಿ, ರೆಡಿಸ್‌ನ ತಿರುಳು ಎಂದೆಂದಿಗೂ ಬಿಎಸ್‌ಡಿಯಲ್ಲೇ ಇರುತ್ತದೆ ಎಂದು 2018ರಲ್ಲಿ ಮಾತು ಕೊಟ್ಟಿತು. 2024ರ ಮಾರ್ಚ್ 20ರಂದು ಓಪನ್ ಸೋರ್ಸ್ ಎನಿಸದ ಬಿಗಿ ಲೈಸೆನ್ಸಿಗೆ ಬದಲಾಯಿಸಿತು.

ಕ್ಲೌಡ್ ಕಂಪನಿಗಳು ನಮ್ಮ ಸರಕನ್ನು ಬಾಡಿಗೆಗೆ ಬಿಟ್ಟು ಗಳಿಸುತ್ತಿವೆ, ನಮಗೆ ಬಿಡಿಗಾಸೂ ಇಲ್ಲ ಎಂಬುದು ಆ ಕಂಪನಿಯ ಅಳಲು. ಪೂರ್ತಿ ಸುಳ್ಳೇನಲ್ಲ. ಆದರೆ ರೆಡಿಸ್ ಕಟ್ಟಿದವರಲ್ಲಿ ಅಮೆಜಾನ್, ಅಲಿಬಾಬಾ ಎಂಜಿನಿಯರುಗಳೂ ಇದ್ದರು, ಅದೂ ಮುಖ್ಯ ತಂಡದಲ್ಲೇ. ಮನೆ ಕಟ್ಟುವಾಗ ಬೇಕಾದವರು, ಪತ್ರ ಬರೆಸುವಾಗ ಲೆಕ್ಕಕ್ಕಿಲ್ಲ.

ಎಂಟೇ ದಿನದಲ್ಲಿ ಲಿನಕ್ಸ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯ ಆಶ್ರಯದಲ್ಲಿ ವ್ಯಾಲ್ಕೀ ಎಂಬ ಕವಲು, ಅಂದರೆ ಅದೇ ಕೋಡ್ ಹಿಡಿದು ಬೇರೆ ದಾರಿಗೆ ಹೊರಟ ಪ್ರಾಜೆಕ್ಟ್, ಹುಟ್ಟಿತು. ರೆಡಿಸ್‌ನ 7.2.4 ಆವೃತ್ತಿಯಿಂದ ಕವಲೊಡೆದದ್ದು ಅದು. ಹೆಸರು ಕಂಪನಿಯ ಸ್ವತ್ತಾದ್ದರಿಂದ ಕೋಡ್ ಹೊತ್ತುಕೊಂಡು ಹೋಗಬಹುದಿತ್ತು, ಹೆಸರನ್ನಲ್ಲ. ನಮ್ಮ ಆಫೀಸಿನಲ್ಲಿ ರೆಡಿಸ್ ಬಿಟ್ಟು ವ್ಯಾಲ್ಕೀಗೆ ಹೋಗಲು ಕಾನ್ಫಿಗ್ ಫೈಲಿನ ಒಂದು ಸಾಲು ತಿದ್ದಿದೆವು. ಪೋರ್ಟ್ ಅದೇ 6379, ಕಮ್ಯಾಂಡುಗಳೂ ಅವೇ, ಟೀ ಆರುವಷ್ಟರಲ್ಲಿ ಕೆಲಸ ಮುಗಿಯಿತು. ಲೈಸೆನ್ಸ್ ಓದಿ, ವಕೀಲರನ್ನು ಕೇಳಿ, ಬದಲಾಯಿಸೋದೋ ಬೇಡವೋ ಎಂದು ತೀರ್ಮಾನಿಸಲು ಮಾತ್ರ ಮೂರು ವಾರ ಹಿಡಿಯಿತು! 2025ರ ಮೇನಲ್ಲಿ ರೆಡಿಸ್‌ನ 8ನೇ ಆವೃತ್ತಿ ಎಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸಿನಲ್ಲೂ ಸಿಗುವಂತಾಗಿ ಮತ್ತೆ ಓಪನ್ ಸೋರ್ಸ್ ಆಯಿತು. ನಾವು ವಾಪಸ್ ಹೋಗಲಿಲ್ಲ.

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಓಪನ್ ಸೋರ್ಸ್ ಡೇಟಾಬೇಸಿನಲ್ಲಿ ಕಂಪನಿಗಳಿಲ್ಲವೇ? ಬೇಕಾದಷ್ಟಿವೆ. ಆದರೆ ಅದನ್ನು ಮುನ್ನಡೆಸುವ ಕೋರ್ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದೇ ಕಂಪನಿಯವರಿರಬಾರದು ಎಂಬ ಅಲಿಖಿತ ನಿಯಮವಿತ್ತು. 2020ರಲ್ಲಿ ಪೋಸ್ಟ್‌ಗ್ರೆಸ್ ಸೇವೆ ಮಾರುವ ಇಡಿಬಿ ಕಂಪನಿ ಅದೇ ಕಸುಬಿನ ಸೆಕೆಂಡ್‌ಕ್ವಾಡ್ರಂಟ್ ಕಂಪನಿಯನ್ನು ಕೊಂಡಾಗ, ಯಾರೂ ಕುರ್ಚಿ ಬಿಟ್ಟೇಳದೆಯೇ, ಐವರಲ್ಲಿ ಮೂವರು ಒಂದೇ ಕಂಪನಿಯವರಾಗಿಬಿಟ್ಟರು. ತಂಡ ಹೊರಗಿನ ಇಬ್ಬರನ್ನು ಸೇರಿಸಿಕೊಂಡಿತು. ಐದರಲ್ಲಿ ಮೂರು ಇದ್ದದ್ದು ಏಳರಲ್ಲಿ ಮೂರಾಯಿತು. ಜಗಳವಿಲ್ಲ, ಕವಲಿಲ್ಲ. ನನಗೆ ಈ ಪುಟ್ಟ ಲೆಕ್ಕಾಚಾರದ ಮೇಲೆ ಇರುವಷ್ಟು ಗೌರವ ಯಾವ ಲೈಸೆನ್ಸಿನ ಮೇಲೂ ಇಲ್ಲ.

ಬೀಗದ ಕೈ ಕೇಳದೆ ದುಡ್ಡು ಕೊಡುವವರೂ ಇದ್ದಾರೆ. ಷೇರು ವಹಿವಾಟು ನಡೆಸುವ ನಮ್ಮ ಬೆಂಗಳೂರಿನ ಝೆರೋಧಾ ಕಂಪನಿ 2024ರ ಅಕ್ಟೋಬರಿನಲ್ಲಿ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿಯೊಂದನ್ನು ಜಗತ್ತಿನ ಓಪನ್ ಸೋರ್ಸ್ ಪ್ರಾಜೆಕ್ಟುಗಳಿಗಾಗಿಯೇ ತೆಗೆದಿಟ್ಟಿತು.

"ಯಾವುದನ್ನು ನಂಬೋದು ಅಂತ ಮೊದಲೇ ಹೇಗೆ ಗೊತ್ತಾಗುತ್ತೆ ಸರ್?" ಎರಡನೆಯ ಪ್ರಶ್ನೆ ಸದಾ ಇದೇ. ಕೋಡ್ ಇಳಿಸಿಕೊಂಡು ಗಿಟ್ ಶಾರ್ಟ್‌ಲಾಗ್ ಕಮ್ಯಾಂಡ್ (git shortlog -sne) ಹಾಕಿ ನೋಡಿ ಅನ್ನುತ್ತೇನೆ. ಯಾರ ಇಮೇಲಿನಿಂದ ಎಷ್ಟು ಕಮಿಟ್, ಅಂದರೆ ಕೋಡಿಗೆ ಸೇರಿದ ಎಷ್ಟು ಬದಲಾವಣೆ, ಎಂದು ಸಾಲಾಗಿ ಬರುತ್ತದೆ. ಟ್ರೇಡ್‌ಮಾರ್ಕ್ ಯಾರ ಹೆಸರಲ್ಲಿದೆ, ಕೋಡ್ ಕಳಿಸುವ ಮುಂಚೆ ಯಾವ ಒಪ್ಪಂದಕ್ಕೆ ಸಹಿ ಕೇಳುತ್ತಾರೆ ಅನ್ನೋದನ್ನೂ ಓದಿ. ಹತ್ತರಲ್ಲಿ ಒಂಬತ್ತು ಕಮಿಟ್ ಒಂದೇ ಕಂಪನಿಯದಾಗಿದ್ದರೆ ಬಳಸಬೇಡಿ ಅನ್ನಲ್ಲ. ಅಂಥ ಎರಡು ಇವತ್ತಿಗೂ ನಮ್ಮ ಸರ್ವರಿನಲ್ಲೇ ಓಡುತ್ತಿವೆ, ಅವುಗಳ ಲೈಸೆನ್ಸ್ ಫೈಲು ಬದಲಾದರೆ ನನಗೆ ಮೆಸೇಜ್ ಬರುವ ಹಾಗೆ ಮಾಡಿಟ್ಟಿದ್ದೇನೆ.