ಸವಾನಾದಲ್ಲಿ ಒಂದು ದಿನ

ಟೆಂಟ್ ಹಾಕಿರುವುದು ಸ್ಕಿಡವೇ ದ್ವೀಪದ ಸ್ಟೇಟ್ ಪಾರ್ಕಿನಲ್ಲಿ. ಬೆಳಿಗ್ಗೆ ಗ್ಯಾಸ್ ಸ್ಟೋವ್ ಮೇಲೆ ಉಪ್ಪಿಟ್ಟು ಮಾಡಿ ತಿಂದು, ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ಸುತ್ತೋಕೆ ಹೊರಟೆವು.

1733ರಲ್ಲಿ ಇಂಗ್ಲೆಂಡಿನಿಂದ ಬಂದ ಜೇಮ್ಸ್ ಓಗಲ್‌ಥಾರ್ಪ್ ಕಟ್ಟಿಸಿದ ಊರಿದು. ಸ್ವಲ್ಪ ನಡೆದರೆ ಸಾಕು, ಒಂದು ಚೌಕ, ನೆರಳು, ಬೆಂಚು. ಹಿಂದೆ ಇಂಥ 24 ಚೌಕಗಳಿದ್ದವು, ಈಗ 22 ಉಳಿದಿವೆ. ಓಕ್ ಮರಗಳಿಂದ ಸ್ಪ್ಯಾನಿಷ್ ಮಾಸ್ ಬೂದು ಜಡೆಯಂತೆ ಇಳಿಬಿದ್ದಿದೆ. ಅದು ಅನಾನಸ್ ಕುಟುಂಬದ ಗಿಡ ಅಂದರೆ ನಂಬುತ್ತೀರಾ?

ಜಾಸ್ತಿ ಹೊತ್ತು ಕೂತಿದ್ದು ರೈಟ್ ಸ್ಕ್ವೇರ್‌ನಲ್ಲಿ. ಓಗಲ್‌ಥಾರ್ಪ್ ಬಂದಿಳಿದಾಗ ಊರು ಕಟ್ಟಲು ಒಪ್ಪಿ, ಜೊತೆಗೆ ನಿಂತವನು ಇಲ್ಲಿನ ಮೂಲನಿವಾಸಿಗಳಾದ ಯಾಮಕ್ರಾ ಜನರ ಮುಖಂಡ ಟೊಮೊಚಿಚಿ. 1739ರಲ್ಲಿ ಅವನು ತೀರಿಕೊಂಡಾಗ ಈ ಚೌಕದ ನಡುವೆಯೇ ಮಣ್ಣು ಮಾಡಿದರು. 1883ರಲ್ಲಿ ಅದೇ ಜಾಗದಲ್ಲಿ ರೈಲ್ವೆ ಕಂಪನಿಯೊಂದರ ಅಧ್ಯಕ್ಷರಾಗಿದ್ದ ವಿಲಿಯಂ ಗಾರ್ಡನ್ ಅವರ ದೊಡ್ಡ ಸ್ಮಾರಕ ಎದ್ದಿತು. ಟೊಮೊಚಿಚಿಗೆ ಪಕ್ಕದಲ್ಲೊಂದು ಬಂಡೆ, ಅದೂ 1899ರಲ್ಲಿ. ಗಾರ್ಡನ್ ಅವರ ಸೊಸೆಯೇ ಮುಂದೆ ನಿಂತು ಇಡಿಸಿದ್ದು ಅನ್ನುವುದು ಸ್ವಲ್ಪ ಸಮಾಧಾನ. ಜಾಗ ಬಿಟ್ಟುಕೊಟ್ಟವನಿಗೇ ಪಕ್ಕಕ್ಕೆ ಸರಿ ಅಂದಹಾಗಾಯಿತು, ಅಲ್ವಾ?

ಇನ್ನೊಂದು ವಿಷಯ. ಜಾರ್ಜಿಯಾದಲ್ಲಿ ಶುರುವಿನಲ್ಲಿ ಗುಲಾಮಗಿರಿಗೆ ನಿಷೇಧವಿತ್ತು! ಆ ನಿಷೇಧ 1751ರಲ್ಲಿ ಹೋಯಿತು. ಆಮೇಲೆ ಈ ಬಂದರು ಬದುಕಿದ್ದೇ ಗುಲಾಮರು ಬೆಳೆದ ಅಕ್ಕಿ, ಹತ್ತಿಯಿಂದ.

ರಿವರ್ ಸ್ಟ್ರೀಟ್‌ಗೆ ಹಾಸಿರುವುದು ಹಡಗುಗಳು ತೂಕಕ್ಕೆಂದು ತುಂಬಿಕೊಂಡು ಬಂದ ಕಲ್ಲುಗಳು. ಹೀಲ್ಸ್ ಹಾಕಿಕೊಂಡು ಹೋಗಬೇಡಿ.

ನಾಳೆ ಟೈಬೀ ದ್ವೀಪದ ಲೈಟ್‌ಹೌಸ್, 178 ಮೆಟ್ಟಿಲು. ಆಮೇಲೆ ಚಾರ್ಲ್ಸ್‌ಟನ್ ಕಡೆ. ಅಲ್ಲಿ ನೆರಳಿರುವ ಕ್ಯಾಂಪ್‌ಗ್ರೌಂಡ್ ಗೊತ್ತಿದ್ದವರು ಹೇಳಿ.